ಚುಕ್ಕಾಣಿಯಿಲ್ಲದ ದೋಣಿಗೆ ಮೀನಿನ ರೆಕ್ಕೆ

ಅಪಾಯವು ಎದುರಿಗೆ ಬಂದಾಗ ಮನುಷ್ಯನ ಕೈಕಾಲುಗಳು ಮನಸ್ಸಿನ ಅಪ್ಪಣೆಗಾಗಿ ಕಾಯುವುದಿಲ್ಲ. ರಸ್ತೆಯಲ್ಲಿ ಮಗುವೊಂದು ಚೆಂಡಿನ ಹಿಂದೆ ಓಡಿಬಂದರೆ ಕಾರು ನಡೆಸುವವನ ಕಾಲು ತಾನಾಗಿಯೇ ಆ್ಯಕ್ಸಿಲರೇಟರಿನಿಂದ ಮೇಲೇಳುತ್ತದೆ. ಕೈಯು ಚಕ್ರವನ್ನು ಪಕ್ಕಕ್ಕೆ ತಿರುವುತ್ತದೆ. ಎರಡೂ ಒಂದೇ ಕ್ಷಣದಲ್ಲಿ ನಡೆದುಹೋಗುತ್ತವೆ. ಈ ಅಭ್ಯಾಸದಿಂದ ಎಷ್ಟೋ ಜೀವಗಳು ಉಳಿದಿವೆ. ಆದರೆ ಇದೇ ಅಭ್ಯಾಸವು ಕೈಕೊಡುವ ವಾಹನವೊಂದು ಲೋಕದಲ್ಲಿದೆ. ಅದರಲ್ಲಿ ವೇಗದ ಹಿಡಿಯನ್ನು ಬಿಟ್ಟೊಡನೆ ತಿರುಗುವ ಶಕ್ತಿಯೂ ಹೊರಟುಹೋಗುತ್ತದೆ. ಚಾಲಕನು ಚಕ್ರವನ್ನು ಎಡಕ್ಕೆ ತಿರುವಲಿ, ಬಲಕ್ಕೆ ತಿರುವಲಿ, ವಾಹನವು ಮೊದಲು ಹಿಡಿದ ದಾರಿಯಲ್ಲಿಯೇ ಮುಂದಕ್ಕೆ ಜಾರುತ್ತದೆ. ಅದೇ ಜೆಟ್ ದೋಣಿ.

ಈ ದೋಣಿಗೆ ಚುಕ್ಕಾಣಿಯಿಲ್ಲ. ತಳದ ಕೆಳಗೆ ತಿರುಗುವ ಪ್ರೊಪೆಲರ್ ಸಹ ಇಲ್ಲ. ಹೊಟ್ಟೆಯಿಂದ ನೀರನ್ನು ಹೀರಿ ಬೆನ್ನಿನಿಂದ ಚಿಮ್ಮಿಸುತ್ತ ಓಡುವುದು ಇದರ ಸ್ವಭಾವ. ಅಮೆರಿಕದ ಸರೋವರಗಳಲ್ಲಿ ರಜೆಯ ದಿನಗಳಂದು ಸಂಸಾರಸಮೇತರಾಗಿ ವಿಹರಿಸುವವರು ಇದನ್ನು ಮೆಚ್ಚಿ ಕೊಳ್ಳುತ್ತಾರೆ. ಕೊಂಡ ಸ್ವಲ್ಪ ಕಾಲದಲ್ಲಿಯೇ ಅನೇಕರು ಬಿಡಿಭಾಗಗಳ ಅಂಗಡಿಗೆ ಹೋಗಿ, ದೋಣಿಯ ಹಿಂಬದಿಗೆ ಜೋಡಿಸುವಂಥ ಪುಟ್ಟ ಅಲಗುಗಳನ್ನು ವಿಚಾರಿಸುತ್ತಾರೆ. ಈ ಅಲಗಿಗೆ ಅಲ್ಲಿಯವರು ಫಿನ್ ಎನ್ನುತ್ತಾರೆ. ಎಂದರೆ ಮೀನಿನ ಈಜುರೆಕ್ಕೆ. ಕಾರ್ಖಾನೆಯಲ್ಲಿ ಕೂಡಿಸದ ರೆಕ್ಕೆಯನ್ನು ಕೊಂಡವರು ಏಕೆ ಕೂಡಿಸಬೇಕು? ಯಾವ ರೆಕ್ಕೆ ಯಾರಿಗೆ ತಕ್ಕುದು? ಇದನ್ನು ತಿಳಿಯಬೇಕಾದರೆ ದೋಣಿಯ ಹುಟ್ಟಿನ ಕಥೆಯಿಂದಲೇ ತೊಡಗಬೇಕು.

ಕಲ್ಲುನದಿಯ ಕೂಸು

ನ್ಯೂಜಿಲೆಂಡಿನ ದಕ್ಷಿಣ ದ್ವೀಪದಲ್ಲಿ ಮೆಕೆಂಝಿ ಎಂಬ ಎತ್ತರದ ಬಯಲು ಸೀಮೆಯುಂಟು. ಹಿಮಪರ್ವತಗಳಿಂದ ಇಳಿದುಬರುವ ಅಲ್ಲಿನ ನದಿಗಳು ವಿಶಾಲವಾದ ಪಾತ್ರದಲ್ಲಿ ಹತ್ತಾರು ಸೀಳುಗಳಾಗಿ ಹರಿಯುತ್ತವೆ. ನೀರಿನ ವೇಗ ಹೆಚ್ಚು, ಆಳ ಕಡಿಮೆ; ತಳದ ತುಂಬ ಉರುಟುಗಲ್ಲುಗಳು. ಅಲ್ಲಿಯ ಐರಿಷ್‌ಮನ್ ಕ್ರೀಕ್ ಎಂಬ ಕುರಿಸಾಕಣೆಯ ಜಮೀನಿನ ಒಡೆಯರಾಗಿದ್ದವರು ವಿಲಿಯಂ ಹ್ಯಾಮಿಲ್ಟನ್. ೧೮೯೯ರಲ್ಲಿ ಹುಟ್ಟಿದ ಇವರು ಕುರಿ ಸಾಕುವುದರ ಜೊತೆಗೆ ಯಂತ್ರಗಳನ್ನು ಕಟ್ಟುವುದರಲ್ಲಿಯೂ ನಿಪುಣರು. ತಮ್ಮ ಸೀಮೆಯ ನದಿಗಳನ್ನು ಪ್ರವಾಹಕ್ಕೆ ಎದುರಾಗಿ ಏರಿಹೋಗಬಲ್ಲ ದೋಣಿಯೊಂದು ಬೇಕೆಂಬುದು ಅವರ ಬಹುದಿನದ ಹಂಬಲವಾಗಿತ್ತು.

ಸಾಮಾನ್ಯವಾದ ಮೋಟಾರು ದೋಣಿಯು ಅಲ್ಲಿ ನಡೆಯುವಂತಿರಲಿಲ್ಲ. ತಳದಿಂದ ಕೆಳಕ್ಕೆ ಚಾಚಿಕೊಂಡ ಪ್ರೊಪೆಲರ್ ಮೊದಲನೆಯ ಕಲ್ಲಿಗೇ ಬಡಿದು ಮುರಿಯುತ್ತಿತ್ತು. ನೀರನ್ನು ಚಿಮ್ಮಿಸಿ ಓಡುವ ಯಂತ್ರಗಳ ಕಲ್ಪನೆ ಆ ವೇಳೆಗೆ ಹೊಸದೇನೂ ಆಗಿರಲಿಲ್ಲ. ಅಮೆರಿಕದ ಹ್ಯಾನ್ಲಿ ಹೈಡ್ರೋಜೆಟ್ ಎಂಬುದು ನೀರನ್ನು ದೋಣಿಯ ತಳದ ಕೆಳಗೆ ಚಿಮ್ಮಿಸುತ್ತಿತ್ತು. ೧೯೫೪ರ ಸುಮಾರಿಗೆ ಹ್ಯಾಮಿಲ್ಟನ್ನರು ಆ ಮಾದರಿಯನ್ನೇ ಹಿಡಿದು ಪ್ರಯೋಗ ನಡೆಸಿದರು. ಬಳಿಕ ಚಿಮ್ಮುವ ಮೂತಿಯನ್ನು ನೀರಿನ ಕೆಳಗಿನಿಂದ ತೆಗೆದು ಹಿಂಬದಿಯಲ್ಲಿ ನೀರಿನ ಮಟ್ಟಕ್ಕಿಂತ ತುಸು ಮೇಲಕ್ಕೆ ಇರಿಸಿದರು. ಬದಲಾವಣೆ ಸಣ್ಣದು, ಫಲ ದೊಡ್ಡದು. ವೇಗವು ಹೆಚ್ಚಿತು. ತಳದಡಿಯಲ್ಲಿ ಕಲ್ಲಿಗೆ ತಗಲುವಂಥ ವಸ್ತು ಯಾವುದೂ ಉಳಿಯಲಿಲ್ಲ. ಅಂಗೈ ಮುಳುಗುವಷ್ಟು ನೀರಿದ್ದರೂ ಓಡುತ್ತಿರುವ ದೋಣಿಯು ಅದರ ಮೇಲೆ ತೇಲಿ ಸಾಗಬಹುದೆಂಬಂತಾಯಿತು.

೧೯೬೦ರಲ್ಲಿ ಹ್ಯಾಮಿಲ್ಟನ್ನರ ಮಗ ಜಾನ್ ಮತ್ತು ಸಂಗಡಿಗರು ಅಮೆರಿಕದ ಕೊಲರಾಡೋ ನದಿಯಲ್ಲಿ, ಗ್ರ್ಯಾಂಡ್ ಕ್ಯಾನ್ಯನ್ ಎಂಬ ಮಹಾಕಂದರದ ಮೂಲಕ, ಪ್ರವಾಹಕ್ಕೆ ಎದುರಾಗಿ ಜೆಟ್ ದೋಣಿಗಳನ್ನು ಏರಿಸಿದರು. ಅದುವರೆಗೆ ಆ ಸಾಹಸವನ್ನು ಯಾರೂ ಮಾಡಿರಲಿಲ್ಲ. ಭಾರತದ ನೀರಿಗೂ ಈ ದೋಣಿಯ ಪರಿಚಯವುಂಟು. ಎವರೆಸ್ಟನ್ನು ಏರಿದ ಎಡ್ಮಂಡ್ ಹಿಲರಿಯವರು ೧೯೭೭ರಲ್ಲಿ ಮೂರು ಜೆಟ್ ದೋಣಿಗಳೊಡನೆ ಗಂಗಾಸಾಗರದಿಂದ ಹೊರಟು, ಕಲ್ಕತ್ತ, ಪಾಟ್ನಾ, ವಾರಾಣಸಿಗಳನ್ನು ದಾಟಿ, ಹರಿದ್ವಾರದ ಮೇಲಿನ ಭೋರ್ಗರೆವ ಇಳಿಜಾರುಗಳನ್ನು ಏರಿ, ನಂದಪ್ರಯಾಗದ ಸಮೀಪದವರೆಗೂ ಹೋದರು. ಅಲ್ಲಿ ಜಲಪಾತವೊಂದು ದಾರಿಯನ್ನು ತಡೆಯಿತು. ಜಾನ್ ಹ್ಯಾಮಿಲ್ಟನ್ ಹಾಗೂ ಅವರ ಮಗ ಮೈಕೆಲ್ ಆ ಯಾತ್ರೆಯ ಚಾಲಕರಲ್ಲಿದ್ದರು.

ಈ ಕಥೆಯಲ್ಲಿ ನೆನಪಿಡಬೇಕಾದ ಸಂಗತಿಯೊಂದುಂಟು. ತಳದ ಕೆಳಗೆ ಏನೂ ಇರಬಾರದೆಂಬುದೇ ಈ ದೋಣಿಯ ಹುಟ್ಟಿಗೆ ಕಾರಣವಾದ ನಿಯಮ. ರೆಕ್ಕೆಯನ್ನು ಕೂಡಿಸುವವನು ಆ ನಿಯಮವನ್ನೇ ಸ್ವಲ್ಪ ಮುರಿಯುತ್ತಾನೆ. ಮುರಿಯಬಾರದೆಂದಲ್ಲ, ಏನನ್ನು ಕೊಟ್ಟು ಏನನ್ನು ಪಡೆಯುತ್ತಿದ್ದೇನೆಂಬುದನ್ನು ತಿಳಿದು ಮುರಿಯಬೇಕು.

ಹಿಡಿತ ತಪ್ಪುವುದೇಕೆ?

ದೋಣಿಯ ತಳದಲ್ಲಿ ಕಂಬಿಯ ಜಾಲರಿ ಹೊದಿಸಿದ ಕಿಂಡಿಯೊಂದಿರುತ್ತದೆ. ಅದರ ಮೂಲಕ ನೀರು ಒಳಕ್ಕೆ ಬರುತ್ತದೆ. ಒಳಗಿನ ಕೊಳವೆಯಲ್ಲಿ ಇಂಪೆಲರ್ ಎಂಬ ತಿರುಗುವ ಚಕ್ರವು ಆ ನೀರನ್ನು ರಭಸದಿಂದ ಹಿಂದಕ್ಕೆ ತಳ್ಳುತ್ತದೆ. ಸುಳಿಯಾಗಿ ಬರುವ ನೀರನ್ನು ಅಲುಗಾಡದ ಅಲಗುಗಳು ನೇರಗೊಳಿಸುತ್ತವೆ. ಕೊನೆಗೆ ಕಿರಿದಾದ ಮೂತಿಯಿಂದ ನೀರು ಚಿಮ್ಮುತ್ತದೆ. ನೀರು ಹಿಂದಕ್ಕೆ ಹೋದಂತೆ ದೋಣಿ ಮುಂದಕ್ಕೆ ಹೋಗುತ್ತದೆ. ತೋಟಕ್ಕೆ ನೀರು ಬಿಡುವಾಗ ರಬ್ಬರಿನ ಕೊಳವೆಯು ಕೈಯನ್ನು ಹಿಂದಕ್ಕೆ ನೂಕುವುದನ್ನು ಬಲ್ಲವರಿಗೆ ಈ ತತ್ತ್ವವನ್ನು ಬೇರೆಯಾಗಿ ವಿವರಿಸಬೇಕಾಗಿಲ್ಲ.

ಚಾಲಕನ ಚಕ್ರವು ಒಂದು ತಂತಿಯ ಮೂಲಕ ಈ ಮೂತಿಗೆ ಸಂಬಂಧಿಸಿರುತ್ತದೆ. ಚಕ್ರವನ್ನು ತಿರುವಿದರೆ ಮೂತಿಯು ಹೊರಳುತ್ತದೆ. ಚಿಮ್ಮುವ ನೀರು ಓರೆಯಾಗಿ ಹೋಗುತ್ತದೆ. ದೋಣಿಯ ಹಿಂಭಾಗವು ಪಕ್ಕಕ್ಕೆ ತಳ್ಳಲ್ಪಟ್ಟು ಮುಂಭಾಗವು ಬೇಕಾದ ಕಡೆಗೆ ತಿರುಗುತ್ತದೆ. ಹಿಂದಕ್ಕೆ ಹೋಗಬೇಕಾದಾಗ ಬಕೆಟ್ಟಿನಂಥ ಮುಚ್ಚಳವು ಮೂತಿಯ ಮೇಲೆ ಇಳಿದು ನೀರಿನ ಧಾರೆಯನ್ನು ಮುಂದಕ್ಕೆ ಮಗುಚುತ್ತದೆ.

ಹೀಗೆ ಮುನ್ನಡೆಸುವುದೂ ತಿರುಗಿಸುವುದೂ ಒಂದೇ ನೀರಿನ ಧಾರೆಯ ಕೆಲಸ. ತುಂಗಭದ್ರೆಯ ಹರಿಗೋಲಿನಲ್ಲಿ ಅಂಬಿಗನ ಕೈಯ ಹುಟ್ಟೇ ಎಂಜಿನು, ಹುಟ್ಟೇ ಚುಕ್ಕಾಣಿ. ಅಂಬಿಗನು ಹುಟ್ಟನ್ನು ಮೇಲೆತ್ತಿದರೆ ಹರಿಗೋಲು ಹೊಳೆಯ ಮನಸ್ಸಿನಂತೆ ಸಾಗುತ್ತದೆ. ಜೆಟ್ ದೋಣಿಯ ಪಾಡೂ ಅಷ್ಟೆ. ವೇಗದ ಹಿಡಿಯಾದ ಥ್ರಾಟಲನ್ನು ಬಿಟ್ಟರೆ ಧಾರೆಯು ಸಣ್ಣಗಾಗುತ್ತದೆ. ಮೂತಿಯು ಯಾವ ಕಡೆಗೆ ಹೊರಳಿದ್ದರೂ ತಳ್ಳಲು ಬಲವೇ ಇರುವುದಿಲ್ಲ. ಚುಕ್ಕಾಣಿಯಿರುವ ದೋಣಿಯಲ್ಲಿ ಹೀಗಾಗದು. ಅಲ್ಲಿ ಎಂಜಿನು ನಿಂತರೂ ದೋಣಿಯು ಚಲಿಸುತ್ತಿರುವವರೆಗೆ ನೀರು ಚುಕ್ಕಾಣಿಯ ಹಲಗೆಯನ್ನು ಒತ್ತುತ್ತದೆ. ಅಷ್ಟರಮಟ್ಟಿಗೆ ಹಿಡಿತ ಉಳಿಯುತ್ತದೆ.

ಒಂದು ಸಣ್ಣ ಲೆಕ್ಕವನ್ನು ಹಾಕಬಹುದು. ಗಂಟೆಗೆ ೫೦ ಕಿಲೋಮೀಟರ್ ವೇಗದಲ್ಲಿ ಓಡುವ ದೋಣಿಯು ಒಂದು ಸೆಕೆಂಡಿಗೆ ಸುಮಾರು ೧೪ ಮೀಟರ್ ಸಾಗುತ್ತದೆ. ಅರುವತ್ತು ಮೀಟರ್ ಮುಂದೆ ಈಜುಗಾರನ ತಲೆಯೊಂದು ಕಂಡಿತೆನ್ನೋಣ. ನಾಲ್ಕು ಸೆಕೆಂಡು ಮಾತ್ರ ಅವಕಾಶ. ಥ್ರಾಟಲನ್ನು ಬಿಟ್ಟಮೇಲೆ ನೀರಿನ ತಡೆಯಿಂದ ವೇಗ ಇಳಿಯುತ್ತದೆ, ನಿಜ. ಆದರೆ ದೋಣಿ ಥಟ್ಟನೆ ನಿಲ್ಲದು. ಆ ಸಮಯದಲ್ಲಿ ಚಾಲಕನು ಚಕ್ರವನ್ನು ಎಷ್ಟು ತಿರುವಿದರೂ ವ್ಯರ್ಥ. ಭಯದಿಂದ ಮಾಡಿದ ಮೊದಲನೆಯ ಕೆಲಸವೇ ಎರಡನೆಯ ಕೆಲಸವನ್ನು ಕೆಡಿಸಿರುತ್ತದೆ.

ಇದು ಬರಿಯ ಊಹೆಯ ಮಾತಲ್ಲ. ಜೆಟ್ ದೋಣಿಯ ತಮ್ಮನೆನ್ನಬಹುದಾದ ಜಲಸ್ಕೂಟರಿನ ಅಪಘಾತಗಳನ್ನು ಅಮೆರಿಕದ ರಾಷ್ಟ್ರೀಯ ಸಾರಿಗೆ ಸುರಕ್ಷಾ ಮಂಡಳಿಯು ಅಧ್ಯಯನ ಮಾಡಿ ೧೯೯೮ರಲ್ಲಿ ವರದಿಯನ್ನು ಪ್ರಕಟಿಸಿತು. ಥ್ರಾಟಲ್ ಬಿಟ್ಟಾಗ ತಿರುಗುವ ಹಿಡಿತ ತಪ್ಪುವ ವಿಷಯವನ್ನು ಅದು ಎತ್ತಿ ಹೇಳಿತು. ತಯಾರಕರು ಇದಕ್ಕೆ ಪರಿಹಾರವನ್ನು ಪರಿಶೀಲಿಸಬೇಕೆಂದೂ ಸೂಚಿಸಿತು. ಅನಂತರದ ವರ್ಷಗಳಲ್ಲಿ ತಯಾರಕರು ಬೇರೆ ಬೇರೆ ದಾರಿಗಳನ್ನು ಹಿಡಿದರು. ಥ್ರಾಟಲ್ ಬಿಟ್ಟು ಹಿಡಿಯನ್ನು ಪೂರ್ತಿ ತಿರುವಿದರೆ ಎಂಜಿನು ತಾನಾಗಿಯೇ ಸ್ವಲ್ಪ ವೇಗ ಪಡೆದು ಧಾರೆಯನ್ನು ಒದಗಿಸುವ ಏರ್ಪಾಡು ಒಂದು. ಪಕ್ಕಗಳಿಂದ ಅಲಗುಗಳು ನೀರಿಗಿಳಿಯುವ ಏರ್ಪಾಡು ಮತ್ತೊಂದು. ೨೦೦೯ರ ಹೊತ್ತಿಗೆ ಸೀ-ಡೂ ಜಲಸ್ಕೂಟರುಗಳಲ್ಲಿ ಹಿಮ್ಮುಖದ ಬಕೆಟ್ಟನ್ನೇ ಬ್ರೇಕಿನಂತೆ ಬಳಸುವ ಸಾಧನವೂ ಬಂದಿತು. ಯಮಹಾ ಸಂಸ್ಥೆಯು ತನ್ನ ಕೆಲವು ಜೆಟ್ ದೋಣಿಗಳಲ್ಲಿ ಮೂತಿಯೊಡನೆ ಹೊರಳುವ ರೆಕ್ಕೆಯನ್ನು ಕಾರ್ಖಾನೆಯಲ್ಲಿಯೇ ಕೂಡಿಸಿತು. ಇಂಥ ಅನುಕೂಲವಿಲ್ಲದ ಹಳೆಯ ದೋಣಿಗಳ ಒಡೆಯರಿಗೆ ಉಳಿಯುವ ದಾರಿ ಬಿಡಿ ರೆಕ್ಕೆಯೊಂದೇ.

ನಿಧಾನವಾದಾಗ ಅಲೆದಾಟ

ರೆಕ್ಕೆಯನ್ನು ಬಯಸಲು ಇನ್ನೊಂದು ಕಾರಣವೂ ಉಂಟು. ವೇಗದಲ್ಲಿ ಬಾಣದಂತೆ ಸಾಗುವ ಈ ದೋಣಿಯು ದಡದ ಸಮೀಪದಲ್ಲಿ ನಿಧಾನವಾಗಿ ಹೋಗಬೇಕಾದಾಗ ಸುರೆ ಕುಡಿದವನಂತೆ ಅತ್ತಿತ್ತ ತೂಗುತ್ತದೆ. ತಳದಲ್ಲಿ ನೀರನ್ನು ಕಚ್ಚಿ ಹಿಡಿಯುವ ಭಾಗವಿಲ್ಲದಿರುವುದೇ ಇದಕ್ಕೆ ಕಾರಣ. ಮೂಗು ಎಡಕ್ಕೆ ಸರಿದರೆ ಚಾಲಕನು ಬಲಕ್ಕೆ ತಿರುವುತ್ತಾನೆ. ಅದು ಬಲಕ್ಕೆ ಮಿತಿಮೀರಿದರೆ ಮತ್ತೆ ಎಡಕ್ಕೆ ತಿರುವುತ್ತಾನೆ. ಗಾಳಿ ಬೀಸುತ್ತಿದ್ದರಂತೂ ಕಟ್ಟೆಗೆ ದೋಣಿಯನ್ನು ತಾಗಿಸುವುದು ಒಂದು ಪರೀಕ್ಷೆಯೇ ಸರಿ. ದಡದಲ್ಲಿ ನಿಂತವರು ನಗುತ್ತಾರೆ. ಒಳಗೆ ಕುಳಿತ ಹೆಂಡತಿ ಮಕ್ಕಳು ಸಲಹೆಗಳನ್ನು ಕೊಡುತ್ತಾರೆ. ಚಾಲಕನ ಹಣೆಯಲ್ಲಿ ಬೆವರು ಮೂಡುತ್ತದೆ.

ರೆಕ್ಕೆಯು ಈ ಎರಡೂ ತೊಂದರೆಗಳಿಗೆ ಒಂದೇ ಉಪಾಯದಿಂದ ಉತ್ತರ ಕೊಡುತ್ತದೆ. ಹರಿಯುವ ನೀರಿನಲ್ಲಿ ಹಲಗೆಯೊಂದನ್ನು ಓರೆಯಾಗಿ ಹಿಡಿದರೆ ನೀರು ಅದನ್ನು ಪಕ್ಕಕ್ಕೆ ಒತ್ತುತ್ತದೆ. ಈ ಒತ್ತಡವು ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ; ವೇಗ ಎರಡರಷ್ಟಾದರೆ ಒತ್ತಡ ನಾಲ್ಕರಷ್ಟು, ಮೂರರಷ್ಟಾದರೆ ಒಂಬತ್ತರಷ್ಟು. ಆಯ್ಕೆಯ ಕಷ್ಟವೆಲ್ಲ ಈ ಒಂದು ನಿಯಮದಲ್ಲಿ ಅಡಗಿದೆ. ನಿಧಾನಗತಿಯಲ್ಲಿ ಚೆನ್ನಾಗಿ ಹಿಡಿಯಲೆಂದು ದೊಡ್ಡ ರೆಕ್ಕೆಯನ್ನು ಕೂಡಿಸಿದರೆ ವೇಗದಲ್ಲಿ ಅದು ಮಿತಿಮೀರಿದ ಬಲದಿಂದ ನೀರನ್ನು ಕಚ್ಚುತ್ತದೆ. ವೇಗಕ್ಕೆ ಸರಿಯೆಂದು ಚಿಕ್ಕದನ್ನು ಕೂಡಿಸಿದರೆ ನಿಧಾನಗತಿಯಲ್ಲಿ ಅದು ಇದ್ದೂ ಇಲ್ಲದಂತೆ.

ರೆಕ್ಕೆಗಳ ಬಗೆ

ಮೊದಲನೆಯದು ಮೂತಿಗೆ ಕಟ್ಟುವ ರೆಕ್ಕೆ. ಮೂತಿಯ ಎರಡು ಪಕ್ಕಗಳಲ್ಲಿ ಜೋಡಿಯಾಗಿಯೋ, ಕೆಳಗೆ ಒಂಟಿಯಾಗಿಯೋ ಇದು ಇರುತ್ತದೆ. ಚಕ್ರವನ್ನು ತಿರುವಿದರೆ ಮೂತಿಯೊಡನೆ ಇದೂ ಹೊರಳುವುದರಿಂದ ಇದೇ ನಿಜವಾದ ಚುಕ್ಕಾಣಿ. ಧಾರೆಯು ಸಣ್ಣಗಾದರೂ ದೋಣಿ ಚಲಿಸುತ್ತಿದ್ದರೆ ಇದು ಕೆಲಸ ಮಾಡುತ್ತದೆ.

ಇದರಲ್ಲಿಯೇ ಗಮನಿಸಬೇಕಾದ ಒಳಭೇದವೊಂದುಂಟು. ದೋಣಿಯು ವೇಗವನ್ನು ಪಡೆದು ನೀರಿನ ಮೇಲಕ್ಕೆ ಏರಿದಾಗ ಅದರ ಹಿಂಬದಿಯ ನೀರು ಚೊಕ್ಕಟವಾಗಿ ಕಳಚಿಕೊಳ್ಳುತ್ತದೆ. ಆಗ ತಳದ ಮಟ್ಟಕ್ಕಿಂತ ಮೇಲಿರುವ ರೆಕ್ಕೆಯು ನೀರಿನಿಂದ ಹೊರಗುಳಿಯುತ್ತದೆ. ದೋಣಿಯು ಹುಟ್ಟಿದಂತೆಯೇ ಓಡುತ್ತದೆ. ನಿಧಾನವಾಗಿ ಮತ್ತೆ ನೀರಿನಲ್ಲಿ ಕುಳಿತಾಗ ರೆಕ್ಕೆಯೂ ಮುಳುಗಿ ಹಿಡಿತ ಕೊಡುತ್ತದೆ. ಕಟ್ಟೆಗೆ ತಾಗಿಸುವ ಕಷ್ಟವೊಂದೇ ಇರುವವನಿಗೆ ಇದು ಒಳ್ಳೆಯ ಆಯ್ಕೆ. ಆದರೆ ವೇಗದಲ್ಲಿ ಥ್ರಾಟಲ್ ಬಿಟ್ಟಾಗ, ದೋಣಿಯು ನೀರಿಗೆ ಕುಸಿಯುವವರೆಗೂ ಈ ರೆಕ್ಕೆ ಸುಮ್ಮನಿರುತ್ತದೆ. ಅಪಾಯದ ಮೊದಲ ಕ್ಷಣಕ್ಕೆ ಇದರಿಂದ ಸಹಾಯ ಸ್ವಲ್ಪ.

ತಳಕ್ಕಿಂತ ಕೆಳಗೆ ಚಾಚಿದ ರೆಕ್ಕೆಯಾದರೋ ಎಲ್ಲ ವೇಗದಲ್ಲಿಯೂ ನೀರಿನೊಳಗೇ ಇರುತ್ತದೆ. ಹಿಡಿತವು ಒಮ್ಮೆಲೇ ದೊರೆಯುತ್ತದೆ. ಬೆಲೆಯೂ ಅಷ್ಟೇ ಹೆಚ್ಚು. ನೀರಿನ ತಡೆಯಿಂದ ವೇಗವು ತುಸು ಕುಂದುತ್ತದೆ, ಚಕ್ರವು ಭಾರವಾಗುತ್ತದೆ, ಮೂತಿಯ ಕೀಲುಗಳ ಮೇಲೂ ತಂತಿಯ ಮೇಲೂ ಹೊರೆ ಬೀಳುತ್ತದೆ. ಮುಖ್ಯವಾಗಿ, ಕಲ್ಲೋ ಮರಳದಿಬ್ಬವೋ ಎದುರಾದರೆ ಮೊದಲ ಪೆಟ್ಟು ಬೀಳುವುದು ಇದಕ್ಕೇ.

ಎರಡನೆಯ ಬಗೆ ಮಡಚುವ ರೆಕ್ಕೆ. ಇದಕ್ಕೆ ಕೀಲೊಂದು ಇರುತ್ತದೆ. ನೆಲಕ್ಕೆ ತಾಗಿದರೆ ರೆಕ್ಕೆಯು ಹಿಂದಕ್ಕೆ ಮಡಚಿಕೊಂಡು, ತೊಡಕು ದಾಟಿದ ಮೇಲೆ ತನ್ನ ಭಾರದಿಂದಲೋ ಸ್ಪ್ರಿಂಗಿನ ಬಲದಿಂದಲೋ ಕೆಳಕ್ಕಿಳಿಯುತ್ತದೆ. ಮುರಿಯುವ ಭಯ ಕಡಿಮೆ. ಆದರೆ ಚಲಿಸುವ ಭಾಗಗಳು ಹೆಚ್ಚಿದಷ್ಟೂ ಆರೈಕೆಯೂ ಹೆಚ್ಚು. ಕೀಲಿನಲ್ಲಿ ಮರಳು ಸೇರಿ ಬಿಗಿದುಕೊಂಡರೆ, ಕೆಳಗಿದೆಯೆಂದು ನಂಬಿದ ರೆಕ್ಕೆಯು ಮೇಲೆಯೇ ಕುಳಿತಿರಬಹುದು. ನಂಬಿಕೆಗೆ ದ್ರೋಹ ಮಾಡುವ ಸಾಧನವು ಸಾಧನವಿಲ್ಲದ್ದಕ್ಕಿಂತ ಕೆಟ್ಟದು.

ಮೂರನೆಯದು ದೋಣಿಯ ಒಡಲಿಗೇ ಬಿಗಿಯುವ, ಹೊರಳದ ರೆಕ್ಕೆ. ನೇರವಾಗಿ ಸಾಗಲೂ, ವೇಗದ ತಿರುವಿನಲ್ಲಿ ಹಿಂಭಾಗವು ಜಾರದಿರಲೂ ಇದು ನೆರವಾಗುತ್ತದೆ. ಜಲಸ್ಕೂಟರಿನ ಹಿಂಬದಿಯ ಪಕ್ಕಗಳಲ್ಲಿರುವ ಸ್ಪಾನ್ಸನ್ ಎಂಬ ಪಟ್ಟಿಗಳೂ ಇದೇ ಜಾತಿಯವು. ಆದರೆ ಥ್ರಾಟಲ್ ಬಿಟ್ಟಾಗ ತಿರುಗಿಸುವ ಶಕ್ತಿ ಇವಕ್ಕಿಲ್ಲ. ನೇರವಾಗಿ ಹೋಗುವುದಕ್ಕೆ ನೆರವಾಗುವ ವಸ್ತುವು ಅಪಾಯದ ಕಡೆಗೂ ನೇರವಾಗಿಯೇ ಕೊಂಡೊಯ್ಯುತ್ತದೆ. ಮಿತಿಮೀರಿ ಕಚ್ಚುವ ಪಟ್ಟಿಯಿದ್ದರೆ, ತಿರುವಿನಲ್ಲಿ ದೋಣಿಯು ಥಟ್ಟನೆ ಹೊರಳಿ ಕುಳಿತವರನ್ನು ಎತ್ತಿ ಎಸೆಯುವ ಸಂಭವವೂ ಉಂಟು. ಅಂಗಡಿಯಲ್ಲಿ ಎಲ್ಲಕ್ಕೂ ರೆಕ್ಕೆಯೆಂದೇ ಹೆಸರಾದರೂ ಗುಣಗಳು ಬೇರೆ ಬೇರೆ ಎಂಬುದನ್ನು ಮರೆಯಲಾಗದು.

ಕೊಳ್ಳುವ ಮೊದಲು

ಕೊಳ್ಳುವವನು ತನ್ನನ್ನು ತಾನೇ ಕೇಳಿಕೊಳ್ಳಬೇಕಾದ ಮೊದಲ ಪ್ರಶ್ನೆ, ದೋಣಿ ಯಾವ ನೀರಿನಲ್ಲಿ ಓಡಬೇಕು ಎಂಬುದು. ಆಳವಾದ ಸರೋವರವಾದರೆ ಕೆಳಕ್ಕೆ ಚಾಚಿದ ರೆಕ್ಕೆಗೆ ಅಡ್ಡಿಯಿಲ್ಲ. ಕಲ್ಲುನದಿಯಾದರೆ ರೆಕ್ಕೆಯನ್ನು ಮರೆಯುವುದೇ ಲೇಸು; ಹ್ಯಾಮಿಲ್ಟನ್ನರು ಕಳೆದುಹಾಕಿದ ಕಷ್ಟವನ್ನು ಹಣ ಕೊಟ್ಟು ಮರಳಿ ತರುವುದರಲ್ಲಿ ಅರ್ಥವಿಲ್ಲ. ಅಲ್ಲಿನ ಚಾಲಕರು ಚಕ್ರದಿಂದಲ್ಲ, ಥ್ರಾಟಲಿನಿಂದಲೇ ದೋಣಿಯನ್ನು ತಿರುಗಿಸಲು ಕಲಿತಿರುತ್ತಾರೆ. ನ್ಯೂಜಿಲೆಂಡಿನ ಕ್ವೀನ್ಸ್‌ಟೌನಿಗೆ ಹೋದ ಪ್ರವಾಸಿಗಳು ಶಾಟೋವರ್ ನದಿಯ ಇಕ್ಕಟ್ಟಾದ ಕಂದರದಲ್ಲಿ, ಬಂಡೆಗೆ ಕೈತಾಗುವಷ್ಟು ಹತ್ತಿರದಲ್ಲಿ, ದೋಣಿಯು ಬುಗುರಿಯಂತೆ ಪೂರ್ತಿ ಒಂದು ಸುತ್ತು ತಿರುಗುವುದನ್ನು ಕಂಡು ಬೆರಗಾಗುತ್ತಾರೆ. ಅದು ಧಾರೆಯನ್ನೂ ವೇಗವನ್ನೂ ಅರಿತು ಪಳಗಿದ ಕೈಯ ಚಮತ್ಕಾರ.

ಎರಡನೆಯ ಪ್ರಶ್ನೆ, ತೊಂದರೆ ಯಾವ ವೇಗದಲ್ಲಿ ಎಂಬುದು. ಕಟ್ಟೆಯ ಬಳಿಯ ಅಲೆದಾಟವೇ, ಥ್ರಾಟಲ್ ಬಿಟ್ಟಾಗಿನ ಜಾರುವಿಕೆಯೇ, ವೇಗದ ತಿರುವಿನಲ್ಲಿ ಹಿಂಭಾಗದ ಎಳೆತವೇ? ಮೂರಕ್ಕೂ ಮದ್ದು ಒಂದೇ ಅಲ್ಲ. ರೋಗವನ್ನು ತಿಳಿಯದೆ ಔಷಧ ಕೊಂಡವನ ಪಾಡು ಇಲ್ಲಿಯೂ ಒದಗುತ್ತದೆ.

ಮೂರನೆಯ ಪ್ರಶ್ನೆ, ಮನೆಯವರು ದೋಣಿಯಿಂದ ಏನು ಮಾಡುತ್ತಾರೆ ಎಂಬುದು. ಹಗ್ಗ ಕಟ್ಟಿ ಮಕ್ಕಳನ್ನು ರಬ್ಬರಿನ ಟ್ಯೂಬಿನ ಮೇಲೆ ಎಳೆಯುವ ಸಂಪ್ರದಾಯವುಂಟು. ಸಡಿಲವಾದ ಹಗ್ಗವು ಚೂಪಾದ ರೆಕ್ಕೆಗೆ ಸಿಕ್ಕಿಕೊಳ್ಳಬಹುದು. ಹಿಂಬದಿಯ ಮೆಟ್ಟಿಲಿನಿಂದ ನೀರಿಗಿಳಿಯುವ ಮಕ್ಕಳ ಕಾಲಿಗೆ ಅದರ ಅಂಚು ತಾಗಬಹುದು. ಆದುದರಿಂದ ಅಂಚುಗಳು ದುಂಡಾಗಿರುವುದನ್ನೂ, ರೆಕ್ಕೆಯು ಮೆಟ್ಟಿಲಿನ ನೆರಳಿನೊಳಗೆ ಅಡಗಿರುವುದನ್ನೂ ನೋಡಬೇಕು. ದೋಣಿಯನ್ನು ಮರಳಿಗೆ ಎಳೆದು ನಿಲ್ಲಿಸುವವರು, ಗಾಡಿಯ ಮೇಲೆ ಹೇರಿ ಊರಿಂದೂರಿಗೆ ಒಯ್ಯುವವರು, ರೆಕ್ಕೆಗೂ ನೆಲಕ್ಕೂ ನಡುವೆ, ರೆಕ್ಕೆಗೂ ಗಾಡಿಯ ಹಲಗೆಗೂ ನಡುವೆ ಎಷ್ಟು ಎಡೆಯಿದೆಯೆಂದು ಅಳೆಯಬೇಕು. ನೀರಿನಲ್ಲಿ ಪಾಚಿಬಳ್ಳಿಗಳು ಹೆಚ್ಚಾಗಿದ್ದರೆ ಹಿಂದಕ್ಕೆ ವಾಲಿದ ಅಂಚಿನ ರೆಕ್ಕೆ ಮೇಲು. ಬಳ್ಳಿಗಳು ಅದರ ಮೇಲಿಂದ ಜಾರಿಹೋಗುತ್ತವೆ.

ನಾಲ್ಕನೆಯದು ಹೊಂದಿಕೆ. ಮೂತಿಯ ಆಕಾರವು ದೋಣಿಯಿಂದ ದೋಣಿಗೆ ಬೇರೆ. ಒಂದು ಎಂಜಿನಿನ ದೋಣಿಗೆ ಮಾಡಿದುದು ಎರಡು ಎಂಜಿನುಗಳ ದೋಣಿಗೆ ಸರಿಹೋಗದಿರಬಹುದು. ಚಕ್ರವನ್ನು ಎಡದ ಕೊನೆಯಿಂದ ಬಲದ ಕೊನೆಯವರೆಗೆ ತಿರುವಿದಾಗಲೂ, ಹಿಮ್ಮುಖದ ಬಕೆಟ್ಟು ಇಳಿದಾಗಲೂ ರೆಕ್ಕೆಯು ಯಾವುದಕ್ಕೂ ತಾಗಕೂಡದು. ಬಕೆಟ್ಟಿನ ದಾರಿಗೆ ಅಡ್ಡ ಬರುವ ರೆಕ್ಕೆಯು ದೋಣಿಯನ್ನು ಹಿಂದಕ್ಕೆ ತರುವ ಒಂದೇ ಉಪಾಯವನ್ನೂ ಕೆಡಿಸುತ್ತದೆ. ತಯಾರಕರ ಖಾತರಿಯೂ ವಿಮೆಯೂ ಇಂಥ ಜೋಡಣೆಯನ್ನು ಒಪ್ಪುತ್ತವೆಯೇ ಎಂಬುದನ್ನು ಕಾಗದದಲ್ಲಿ ಓದಿ ತಿಳಿದಿರುವುದು ಒಳ್ಳೆಯದು.

ಐದನೆಯದು ಲೋಹದ ವಿಚಾರ. ಅಲ್ಯುಮಿನಿಯಂ ಹಗುರ, ತುಕ್ಕು ಹಿಡಿಯದ ಉಕ್ಕು ಗಟ್ಟಿ, ಗಟ್ಟಿ ಪ್ಲಾಸ್ಟಿಕ್ಕು ಅಗ್ಗವಾದುದು, ಪೆಟ್ಟು ಬಿದ್ದಾಗ ತಾನು ಮುರಿದು ಮೂತಿಯನ್ನು ಉಳಿಸುವಂಥದು. ಮುರಿಯುವುದೂ ಒಮ್ಮೊಮ್ಮೆ ಗುಣವೇ. ಎಲ್ಲಕ್ಕಿಂತ ಗಟ್ಟಿಯಾದ ರೆಕ್ಕೆಯು ಕಲ್ಲಿನ ಪೆಟ್ಟನ್ನು ತಾನು ತಿನ್ನದೆ ಬೆಲೆಬಾಳುವ ಮೂತಿಗೂ ಪಂಪಿಗೂ ದಾಟಿಸುತ್ತದೆ. ಉಪ್ಪುನೀರಿನಲ್ಲಿ ಅಲ್ಯುಮಿನಿಯಂ ಭಾಗಕ್ಕೆ ಉಕ್ಕಿನ ತಿರುಪು ಹಾಕಿದರೆ ಎರಡು ಲೋಹಗಳ ನಡುವೆ ವಿದ್ಯುತ್ತಿನ ಕ್ರಿಯೆ ನಡೆದು ಅಲ್ಯುಮಿನಿಯಂ ಸವೆಯುತ್ತದೆ. ಸಮುದ್ರದಲ್ಲಿ ಓಡಿಸುವವರು ಪ್ರತಿ ಸಲವೂ ಸಿಹಿನೀರಿನಲ್ಲಿ ತೊಳೆದು, ಆಗಾಗ್ಗೆ ತಿರುಪುಗಳನ್ನು ಬಿಚ್ಚಿ ನೋಡಬೇಕು. ಅದುರಾಟಕ್ಕೆ ಸಡಿಲವಾಗದಂತೆ ತಿರುಪುಗಳಿಗೆ ಅಂಟು ಹಾಕಿ ಬಿಗಿಯುವುದೂ ಅಗತ್ಯ.

ಪರೀಕ್ಷೆ ಮತ್ತು ಮಿತಿ

ಹೊಸ ರೆಕ್ಕೆಯನ್ನು ಕೂಡಿಸಿದ ದಿನವೇ ನೆಂಟರಿಷ್ಟರನ್ನು ಕೂರಿಸಿಕೊಂಡು ಹೊರಡುವುದು ತರವಲ್ಲ. ಜನಸಂಚಾರವಿಲ್ಲದ ವಿಶಾಲವಾದ ನೀರಿನಲ್ಲಿ ತೇಲುವ ಬುರುಡೆಯೊಂದನ್ನು ಗುರಿಯಾಗಿ ಬಿಟ್ಟು, ಮೊದಲು ನಡಿಗೆಯ ವೇಗದಲ್ಲಿ, ಬಳಿಕ ಸ್ವಲ್ಪ ಸ್ವಲ್ಪವಾಗಿ ಹೆಚ್ಚಿಸುತ್ತ ತಿರುಗಿ ನೋಡಬೇಕು. ರೆಕ್ಕೆ ಕೂಡಿಸುವ ಮೊದಲೂ ಇದೇ ಪರೀಕ್ಷೆಯನ್ನು ಮಾಡಿದ್ದರೆ ಹೋಲಿಸುವುದು ಸುಲಭ. ಥ್ರಾಟಲ್ ಬಿಟ್ಟು ಚಕ್ರವನ್ನು ತಿರುವಿದಾಗ ದೋಣಿಯು ಎಷ್ಟು ದೂರ ನೇರವಾಗಿ ಜಾರಿತು, ಎಲ್ಲಿ ತಿರುಗತೊಡಗಿತು ಎಂಬುದನ್ನು ಮನೆಯಲ್ಲಿ ದೋಣಿ ನಡೆಸುವ ಪ್ರತಿಯೊಬ್ಬರೂ ಸ್ವತಃ ಕಂಡಿರಬೇಕು. ಕೇಳಿ ತಿಳಿದ ದೂರವು ಕೈಗೆ ಅಭ್ಯಾಸವಾಗುವುದಿಲ್ಲ.

ಎಷ್ಟು ಒಳ್ಳೆಯ ರೆಕ್ಕೆಯಾದರೂ ಅದು ಬ್ರೇಕಲ್ಲ. ದೋಣಿಯನ್ನು ತಿರುಗಿಸಬಲ್ಲುದು, ನಿಲ್ಲಿಸಲಾರದು. ವೇಗ ಇಳಿದಂತೆ ಅದರ ಬಲವೂ ಇಳಿಯುತ್ತದೆ. ಕಟ್ಟೆಗೆ ತಾಗುವ ಕೊನೆಯ ಕೆಲವು ಮೀಟರುಗಳಲ್ಲಿ ಮತ್ತೆ ಧಾರೆಯೇ ಗತಿ. ಆದುದರಿಂದ ಜೆಟ್ ದೋಣಿಯ ಮೊದಲ ಪಾಠವು ರೆಕ್ಕೆಯಿದ್ದರೂ ಬದಲಾಗುವುದಿಲ್ಲ. ತಿರುಗಬೇಕಾದರೆ ಥ್ರಾಟಲನ್ನು ಪೂರ್ತಿ ಬಿಡಬಾರದು. ತಡೆಯನ್ನು ಕಂಡಾಗ ಧಾರೆಯನ್ನು ಉಳಿಸಿಕೊಂಡೇ ಪಕ್ಕಕ್ಕೆ ತಿರುಗಿ ದಾಟಬೇಕು. ಇದು ಸ್ವಭಾವಕ್ಕೆ ವಿರುದ್ಧವಾದ ವಿದ್ಯೆ, ಅಭ್ಯಾಸದಿಂದಲೇ ಬರತಕ್ಕದ್ದು.

ಈ ಮಾತು ಸರೋವರಗಳ ದೂರದೇಶಕ್ಕೆ ಮಾತ್ರ ಸಂಬಂಧಿಸಿದುದಲ್ಲ. ಮಲ್ಪೆಯಂಥ ಕಡಲತೀರಗಳಲ್ಲಿ ಪ್ರವಾಸಿಗಳು ಏರುವ ಜಲಸ್ಕೂಟರುಗಳೂ ಇದೇ ತತ್ತ್ವದಿಂದ ಓಡುತ್ತವೆ. ಮಕ್ಕಳೊಡನೆ ಅಲ್ಲಿಗೆ ಹೋದ ತಂದೆತಾಯಿಗಳು ಸ್ಕೂಟರಿನ ಬಣ್ಣವನ್ನು ನೋಡುವ ಮೊದಲು ಕೆಲವು ಸಂಗತಿಗಳನ್ನು ವಿಚಾರಿಸಬೇಕು. ತೇಲುವ ಅಂಗಿಯು ಮೈಗೆ ಸರಿಯಾಗಿ ಬಿಗಿದಿದೆಯೇ? ಸವಾರನು ಬಿದ್ದರೆ ಎಂಜಿನನ್ನು ನಿಲ್ಲಿಸುವ ಹುರಿಯು ಆತನ ಮಣಿಕಟ್ಟಿಗೆ ಕಟ್ಟಿದೆಯೇ? ಓಡಾಟದ ದಾರಿಯಲ್ಲಿ ಈಜುವವರಿದ್ದಾರೆಯೇ? ಥ್ರಾಟಲ್ ಬಿಟ್ಟರೆ ಇದು ತಿರುಗುತ್ತದೆಯೇ ಎಂದು ಕೇಳಿದರೆ ಬಾಡಿಗೆಗೆ ಕೊಡುವವನು ತಟ್ಟನೆ ಉತ್ತರ ಹೇಳಬೇಕು. ಉತ್ತರ ಹೇಳಲಾರದವನ ವಾಹನವನ್ನು ಏರದೆ, ದಡದಲ್ಲಿ ಕುಳಿತು ಅಲೆಗಳನ್ನು ಎಣಿಸಿದರೂ ದಿನ ಚೆನ್ನಾಗಿಯೇ ಕಳೆಯುತ್ತದೆ.

ಹ್ಯಾಮಿಲ್ಟನ್ನರಿಗೆ ೧೯೭೪ರಲ್ಲಿ ಸರ್ ಪದವಿ ಬಂದಿತು. ೧೯೭೮ರಲ್ಲಿ ಅವರು ತೀರಿಕೊಂಡರು. ಅವರು ತಮ್ಮ ಹೊಳೆಗೆ ತಕ್ಕ ದೋಣಿಯನ್ನು ಕಟ್ಟಿದರು. ಅದೇ ದೋಣಿಯು ಬೇರೆ ನೀರಿಗೆ ಹೋದಾಗ ಬೇರೆ ಅಂಗವನ್ನು ಬೇಡಿತು. ಮೀನಿಗೆ ರೆಕ್ಕೆಯೂ ತನ್ನದೇ, ನೀರಿನ ಅರಿವೂ ತನ್ನದೇ. ದೋಣಿಯ ರೆಕ್ಕೆಯನ್ನು ಅಂಗಡಿಯಿಂದ ತರಬಹುದು. ಅರಿವನ್ನು ಮಾತ್ರ ಚಕ್ರ ಹಿಡಿದವನೇ ನೀರಿನ ಮೇಲೆ ಸಂಪಾದಿಸಬೇಕು.